ಯಂತ್ರಕ್ಕೂ ಕಣ್ಕಟ್ಟು ಆಗ್ತದಾ?

ಗೆಳೆಯನ ಫೋಟೊದಲ್ಲಿ ಕಣ್ಣು, ಬಾಯಿ ಮಾತ್ರ ಇದ್ದಲ್ಲೇ ತಲೆಕೆಳಗು ಮಾಡೋಣ. ಇಡೀ ಫೋಟೊ ತಿರುವಿ ಹಿಡಿದರೆ ಮುಖ ಸರಿಯಾಗೇ ಕಾಣ್ತದೆ. ನೆಟ್ಟಗೆ ಹಿಡಿದರೆ ರಾಕ್ಷಸ! 1980ರಲ್ಲಿ ಪೀಟರ್ ಥಾಮ್ಸನ್ ತೋರಿಸಿದ ಇದೇ ಥ್ಯಾಚರ್ ಭ್ರಮೆ.

ನ್ಯೂರಲ್ ನೆಟ್‌ವರ್ಕ್‌ಗೂ ಹೀಗೆ ಆಗುತ್ತದೆಯೇ? ಅದು ಬಾಯಿಬಿಟ್ಟು ಹೇಳೋದಿಲ್ಲ, ನಾವೇ ಅಳೀಬೇಕು. ಸರಿ ಮುಖ, ತಿದ್ದಿದ ಮುಖ ಎರಡನ್ನೂ ಕೊಟ್ಟು, ಒಂದು ಪದರದಲ್ಲಿ ಬರುವ ಎರಡು ವೆಕ್ಟರ್‌ಗಳ ನಡುವಿನ ದೂರ ತೆಗೆಯುತ್ತೇವೆ. ನೆಟ್ಟಗಿದ್ದಾಗ ದೂರ ಹೆಚ್ಚು, ತಲೆಕೆಳಗಾದಾಗ ಕಡಿಮೆ ಬಂದರೆ ಭ್ರಮೆ ಇದೆ ಎಂದರ್ಥ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಅರುಣ್ ಅವರ ತಂಡ 2021ರಲ್ಲಿ ಇಂಥ ಹಲವು ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿತು. ತರಬೇತಾದ ನೆಟ್‌ವರ್ಕ್‌ನಲ್ಲಿ ಥ್ಯಾಚರ್ ಭ್ರಮೆ ಸಿಕ್ಕಿತು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಫಲಿತಾಂಶ. ಬೆಟಗೇರಿಯ ಓಣಿಯಲ್ಲಿ ರಂಗೋಲಿ ಕಂಡರೆ ಮೊದಲು ಕಣ್ಣಿಗೆ ಬೀಳೋದು ಕಮಲ, ಚುಕ್ಕಿ ಆಮೇಲೆ. ಮನುಷ್ಯರಿಗೆ ಇಡೀ ಆಕಾರವೇ ಮೊದಲು. ಏನೂ ಕಲಿಯದ, ರ‍್ಯಾಂಡಮ್ ವೇಟ್‌ಗಳ ನೆಟ್‌ವರ್ಕ್‌ನಲ್ಲಿ ಈ ಗುಣ ಇತ್ತು. ವಸ್ತು ಗುರುತಿಸೋದನ್ನ ಕಲಿಸಿದ ಮೇಲೆ ಹೋಯಿತು! (ಕಲಿತು ಕೆಡೋದು ನಮ್ಮಲ್ಲಷ್ಟೇ ಅಲ್ಲ ಅನ್ನಿ.)

ಮುಂಡರಗಿ, ಶಿರಹಟ್ಟಿ ಕಡೆಯ ಮೆಣಸಿನಗಿಡದ ರೋಗ ಹಿಡಿಯುವ ಮಾಡೆಲ್ ಕಟ್ಟೋರು ಅಕ್ಯುರಸಿ ಜತೆಗೆ ಇದನ್ನೂ ಅಳೆದು ನೋಡಲಿ: ಅದು ನೋಡ್ತಿರೋದು ಎಲೆಯನ್ನೋ, ಬರೀ ಚುಕ್ಕಿಯನ್ನೋ?