ಹದಿನಾರರ ಲೆಕ್ಕ

ನಮ್ಮ ಊರಿನ ಹೆಸರು ಹದಿನಾರು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ, ಮಗ್ಗುಲಿಗೆ ಕೆರೆಯೊಂದನ್ನಿಟ್ಟುಕೊಂಡು, ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಹಾರಿಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಆತಿಥ್ಯ ನೀಡುತ್ತಿರುವ ಈ ಗ್ರಾಮಕ್ಕೆ, 1399ರಲ್ಲಿ ಯದುರಾಯ, ಕೃಷ್ಣರಾಯರೆಂಬ ಸೋದರರು ಬಂದು, ಕಾರುಗಹಳ್ಳಿಯ ಮಾರನಾಯಕನ ಉಪದ್ರವದಿಂದ ಇಲ್ಲಿನ ಅರಸುಕುವರಿಯನ್ನು ಪಾರುಮಾಡಿ, ಮೈಸೂರು ಒಡೆಯರ ವಂಶಕ್ಕೆ ಅಂಕುರಾರ್ಪಣ ಮಾಡಿದರೆಂಬ ಐತಿಹ್ಯವುಂಟು. ಹದಿನಾಡು ಎಂಬುದೇ ಸವೆದು ಹದಿನಾರಾಯಿತೆಂದು ಬಲ್ಲವರು ಹೇಳುತ್ತಾರೆ. ನನಗೆ ಮಾತ್ರ ಆ ಹೆಸರಿನ ಬೇರೊಂದು ಅರ್ಥವು ಮೈಸೂರಿನ ಹಲ್ಲಿನ ಡಾಕ್ಟರೊಬ್ಬರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಹೊಳೆಯಿತು. ಮನುಷ್ಯನಿಗೆ ಮೇಲ್ದವಡೆಯಲ್ಲಿ ಹದಿನಾರು, ಕೆಳದವಡೆಯಲ್ಲಿ ಹದಿನಾರು. ನನ್ನ ಮೇಲಿನ ಊರು ಇನ್ನೂ ಹದಿನಾರಾಗಿಯೇ ಇದೆ. ಕೆಳಗಿನದು ಹದಿನಾಲ್ಕಕ್ಕೆ ಇಳಿದಿದೆ.

ನಾನು ಮೂವತ್ತು ವರ್ಷ ಅಕ್ಕಿಯ ಮಿಲ್ಲೊಂದರಲ್ಲಿ ಲೆಕ್ಕ ಬರೆದವನು. ಭತ್ತ ಸುಲಿಯುವ ಯಂತ್ರದಲ್ಲಿ ಒಂದಕ್ಕೊಂದು ಎದುರಾಗಿ ತಿರುಗುವ ಎರಡು ರಬ್ಬರ್ ರೋಲರುಗಳಿರುತ್ತವೆ. ಅವುಗಳ ನಡುವೆ ಕಾಳು ಹಾಯ್ದು ಹೊಟ್ಟು ಬೇರೆಯಾಗುತ್ತದೆ, ಹಾಯ್ದ ಪ್ರತಿಯೊಂದು ಮೂಟೆಯೂ ರಬ್ಬರನ್ನು ತುಸು ತಿಂದುಕೊಂಡೇ ಹೋಗುತ್ತದೆ. ಆದಕಾರಣ ರೋಲರು ಸವೆಯುವುದಕ್ಕೆ ಮೊದಲೇ ಅದರ ಬೆಲೆಯನ್ನು ತೆಗೆದಿರಿಸಬೇಕೆಂಬುದು ಮಿಲ್ಲಿನ ಶಾಸ್ತ್ರ, ಮತ್ತು ವರ್ಷಾಂತ್ಯದಲ್ಲಿ 'ಸವಕಳಿ' ಎಂಬ ಶಿರೋನಾಮೆಯ ಕೆಳಗೆ ಆ ಮೊತ್ತವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದವನು ನಾನೇ. ಎದುರುಬದುರಾಗಿ ಅರೆಯುವ ಇನ್ನೊಂದು ಯಂತ್ರವು, ನಾನು ಆ ಅಂಕಿಗಳನ್ನು ಬರೆಯುತ್ತಿರುವಾಗಲೇ, ನನ್ನ ಬಾಯೊಳಗೆ ಎಲೆಯಡಿಕೆ ಅರೆಯುತ್ತ ಕುಳಿತಿತ್ತೆಂಬುದು ಮೂವತ್ತು ವರ್ಷಗಳಲ್ಲಿ ಒಂದು ದಿನವೂ ನನ್ನ ಗಮನಕ್ಕೆ ಬಾರದೆ ಹೋಯಿತು.

ಇದಕ್ಕೆ ಅಜ್ಞಾನವೇ ಕಾರಣವೆಂದರೆ ನನ್ನ ಸೀಮೆಗೆ ಅಪಚಾರವಾದೀತು. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ ತರುವಾಯ, ಹಳೆಯ ಮೈಸೂರಿನ ಎಷ್ಟೋ ಮನೆಗಳ ಬಚ್ಚಲಿನ ಗೂಡುಗಳಲ್ಲಿ ನಮ್ಮ ತಾಲ್ಲೂಕಿನ ಹೆಸರು ಹಲ್ಲುಪುಡಿಯ ರೂಪದಲ್ಲಿ ಪ್ರತಿಷ್ಠಿತವಾಗಿತ್ತು. ರಸಬಾಳೆಯಿಂದ ಹೇಗೋ ಹಾಗೆ ಹಲ್ಲುಪುಡಿಯಿಂದಲೂ ಊರು ಗುರುತಾಗುತ್ತಿದ್ದ ಕಾಲವದು. ನಮ್ಮ ಅಜ್ಜಿ ಮಾತ್ರ ಅಂಗಡಿಯ ಪೊಟ್ಟಣವನ್ನು ನೆಂಟರಿಗೆಂದು ತೆಗೆದಿಟ್ಟು, ನಮಗೆ ಭತ್ತದ ಹೊಟ್ಟಿನ ಬೂದಿಗೆ ಉಪ್ಪು ಬೆರೆಸಿ ಕೊಡುತ್ತಿದ್ದಳು. ಗದ್ದೆಯ ಕಡೆಗೆ ಹೋದ ದಿನ ಬೇವಿನ ಕಡ್ಡಿ, ಇಲ್ಲವೆ ಆಲದ ಬಿಳಲು. ಬೆಳಗಿನ ಈ ವಿಧಿಯಲ್ಲಿ ಲೋಪವಿರಲಿಲ್ಲ. ರಾತ್ರಿ ಮಲಗುವ ಮುನ್ನ ಬಾಯಿ ತೊಳೆಯಬೇಕೆಂಬ ಮಾತನ್ನು ಮಾತ್ರ ಯಾರೂ ಆಡಲಿಲ್ಲ. ಆಲೆಮನೆಯ ಬಿಸಿ ಬೆಲ್ಲವನ್ನು ನೆಕ್ಕಿ, ಹಲ್ಲಿಗೆ ಅಂಟಿದ ಪಾಕದೊಡನೆಯೇ ಕಂಬಳಿ ಹೊದೆದು ಮಲಗುವುದು ಬಾಲ್ಯದ ಸುಖಗಳಲ್ಲಿ ಒಂದೆಂದು ಈಗಲೂ ನನ್ನ ಅಭಿಪ್ರಾಯ.

2013ರ ಆಷಾಢದಲ್ಲಿ, ಬೇರಾವುದೋ ಕೆಲಸಕ್ಕೆ ಪೇಟೆಗೆ ಹೋದವನು, ತಣ್ಣೀರು ತಾಕಿದರೆ ಎಡಗಡೆಯ ಕೆಳದವಡೆಯಲ್ಲಿ ಜುಮ್ಮೆನ್ನುವುದನ್ನು ಹೇಳಿಕೊಂಡಾಗ, ಡಾಕ್ಟರು ಕನ್ನಡಿಯನ್ನು ಒಳಗಿಟ್ಟು ನೋಡಿ, ಹುಳುಕು ಇನ್ನೂ ಮೇಲುಮೇಲೆ ಇದೆಯೆಂದೂ ಅದನ್ನು ಕೆರೆದು ಸಿಮೆಂಟು ತುಂಬಲು ಆರುನೂರು ರೂಪಾಯಿ ಆಗುವುದೆಂದೂ ಹೇಳಿದರು. ಜೇಬಿನಲ್ಲಿ ಹಣವಿತ್ತು. ಆದರೂ, ಸುಗ್ಗಿ ಕಳೆಯಲಿ ಎಂದು ಎದ್ದು ಬಂದೆ. ಬಂದವನು ಆ ರಾತ್ರಿ ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಮಾಡಿದ ನಮೂದನ್ನು ಮೊನ್ನೆ ಮತ್ತೆ ತೆರೆದು ಓದಿ, ಲೆಕ್ಕ ಬರೆಯುವವನಾಗಿ ನಾಚಿಕೊಂಡೆ: 'ಹಲ್ಲಿನ ಬಾಬ್ತು ಉಳಿತಾಯ, ರೂ. 600'.

ದಂತದ ಹೊರಕವಚವಾದ ಎನಾಮಲ್, ದೇಹದಲ್ಲಿ ಎಲುಬಿಗಿಂತಲೂ ಕಠಿಣವಾದ ಪದಾರ್ಥ. ಆದರೆ ಅದರಲ್ಲಿ ನರವಿಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಸಿಹಿಯನ್ನು ತಿಂದು ಆಮ್ಲವನ್ನು ಬಿಡುತ್ತವೆ, ಆಮ್ಲವು ಕವಚದ ಖನಿಜವನ್ನು ಕರಗಿಸುತ್ತದೆ, ಲಾಲಾರಸವು ಹಗಲೆಲ್ಲ ಅದನ್ನು ತಕ್ಕಮಟ್ಟಿಗೆ ಮರಳಿ ತುಂಬುತ್ತದೆ. ನಿದ್ರೆಯಲ್ಲಿ ಆ ರಸವು ಬತ್ತುವುದರಿಂದ ರಾತ್ರಿಯ ಪಾಕವು ಹಗಲಿನದಕ್ಕಿಂತ ಹೆಚ್ಚು ನಾಶ ಮಾಡುತ್ತದೆ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ. ನೋವು ಆರಂಭವಾಗುವ ಹೊತ್ತಿಗೆ ಕಳ್ಳನು ಪಡಸಾಲೆಯನ್ನು ದಾಟಿ ನಡುಮನೆಗೆ ಬಂದಿರುತ್ತಾನೆ. ನನಗೂ ಮುಂದಿನ ವರ್ಷ ನೋವು ಬಂತು. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ, ಔಷಧಿಯಂಗಡಿಯ ಎರಡು ರೂಪಾಯಿಯ ಮಾತ್ರೆಗಳನ್ನು ನುಂಗಿದೆ. ಆಮೇಲೊಂದು ದಿನ ನೋವು ತಾನಾಗಿಯೇ ನಿಂತುಹೋಗಿ, ನಾನು ಗೆದ್ದೆನೆಂದು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಳಗಿನ ನರವು ಸತ್ತಿತ್ತೆಂಬುದೇ ಆ ವಿಜಯದ ಅರ್ಥವೆಂದು ತಿಳಿಯಲು ಮೂರು ವರ್ಷ ಬೇಕಾಯಿತು. ಸಾಲ ಕೊಟ್ಟವನು ಬಾಗಿಲು ತಟ್ಟುವುದನ್ನು ಬಿಟ್ಟನೆಂದರೆ ಕೋರ್ಟಿಗೆ ಹೋಗಿದ್ದಾನೆಂದು ಮಿಲ್ಲಿನ ವ್ಯವಹಾರದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು.

2017ರಲ್ಲಿ ಕೆನ್ನೆ ಊದಿತು. ನಂಜು ಏರಿದೆಯೆಂದು ನಮ್ಮ ಅವ್ವ, ನಂಜುಂಡನಿಗೆ ಉರುಳುಸೇವೆ ಹೊತ್ತಳು. ಟಿಪ್ಪುವಿನ ಆನೆಯ ಕಣ್ಣನ್ನು ವಾಸಿ ಮಾಡಿ ಹಕೀಮ ನಂಜುಂಡನೆನಿಸಿಕೊಂಡ ದೇವರು ಮೊಮ್ಮಕ್ಕಳನ್ನು ಕಂಡವನ ಹಲ್ಲನ್ನು ನೋಡಲಾರನೆ ಎಂದು ಅವಳ ವಾದ. ಡಾಕ್ಟರು ಎರಡು ದಾರಿ ಹೇಳಿದರು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಆರೂವರೆ ಸಾವಿರ; ಕಿತ್ತುಹಾಕಿದರೆ ಐನೂರು. ಮನೆಯಾಕೆ, "ಇರೋ ಹಲ್ಲನ್ನ ಉಳಿಸ್ಕೊಳ್ಳೋದ್ ನೋಡಿ ಅಂದ್ರೆ, ಕೀಳೋಕ್ ದುಡ್ಡು ಕೊಡ್ತೀರಲ್ಲ!" ಎಂದಳು. ನಾನು ಕೀಳಿಸಿಕೊಂಡೆ, ಪುಸ್ತಕದಲ್ಲಿ ಆರು ಸಾವಿರದ ಉಳಿತಾಯವನ್ನು ಬರೆದುಕೊಂಡೆ. ದವಡೆಯಲ್ಲಿ ಒಂದು ಸ್ಥಾನ ಖಾಲಿಯಾದರೆ ಅಕ್ಕಪಕ್ಕದ ಹಲ್ಲುಗಳು ಅದರ ಕಡೆಗೆ ವಾಲುತ್ತವೆ, ಎದುರಿನ ಹಲ್ಲು ಕೆಳಗಿಳಿಯತೊಡಗುತ್ತದೆ, ವಾಲಿದವುಗಳ ಸಂದಿನಲ್ಲಿ ಅನ್ನ ಸಿಕ್ಕಿ ಕೊಳೆಯುತ್ತದೆ ಎಂಬುದನ್ನು ಆಗ ಕೇಳಿದ್ದೆನಾದರೂ ಕೇಳಿಸಿಕೊಂಡಿರಲಿಲ್ಲ. 2020ರಲ್ಲಿ ಪಕ್ಕದ್ದೂ ಅದೇ ಐನೂರಕ್ಕೆ ಹೋಯಿತು.

2023ರ ಶ್ರಾವಣದಲ್ಲಿ ಮೈಸೂರಿಗೆ ಹೋಗದೆ ಗತ್ಯಂತರವಿಲ್ಲವಾಯಿತು. ಖಾಲಿಯಾದ ಎರಡು ಸ್ಥಾನಗಳಲ್ಲಿ ಒಂದಕ್ಕೆ ಟೈಟೇನಿಯಂ ಮೊಳೆಯ ಮೇಲೆ ಕೂರಿಸುವ ಇಂಪ್ಲಾಂಟ್ 28,000. ಮೇಲೊಂದು ಕೆಳಗೊಂದು ರೂಟ್ ಕೆನಾಲ್, ಕ್ಯಾಪ್ ಸಹಿತ 20,000. ವಸಡಿನಡಿಯ ಗಟ್ಟಿ ಕೊಳೆಯನ್ನು ನಾಲ್ಕು ಸರದಿಯಲ್ಲಿ ಕೆರೆಯಲು 6,000. ಒಟ್ಟು 54,000 ರೂಪಾಯಿ. ಹನ್ನೆರಡು ವರ್ಷ ತಪ್ಪದೆ ಕಂತು ಕಟ್ಟಿದ್ದ ಆರೋಗ್ಯ ವಿಮೆಯ ಕಾಗದವನ್ನು ಅಂದು ಮೊದಲ ಬಾರಿಗೆ ಕೊನೆಯ ಪುಟದವರೆಗೆ ಓದಿದೆ. ಅಪಘಾತದಿಂದಾದ ಹೊರತು ಹಲ್ಲಿನ ಚಿಕಿತ್ಸೆಗೆ ಹಣ ಸಲ್ಲದೆಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿತ್ತು. ನಮ್ಮ ದೇಶದ ಸಾಮಾನ್ಯ ಆರೋಗ್ಯ ವಿಮೆಗಳ ರೀತಿಯೇ ಅದು. ಬೈಕಿನಿಂದ ಬಿದ್ದು ಆ ಹಲ್ಲುಗಳನ್ನು ಮುರಿದುಕೊಂಡಿದ್ದರೆ ವಿಮೆಯವರು ನನ್ನನ್ನು ಆದರಿಸುತ್ತಿದ್ದರು. ಬೆಲ್ಲ ತಿಂದು ಕೆಡಿಸಿಕೊಂಡವನಿಗೆ ಆ ಭಾಗ್ಯವಿಲ್ಲ. ಕೊನೆಗೆ ಮಿಲ್ಲಿನ ಸಂಗಾತಿಗಳೊಡನೆ ಹಾಕಿದ್ದ ಎಪ್ಪತ್ತು ಸಾವಿರದ ಚೀಟಿಯನ್ನು ಹನ್ನೊಂದು ಸಾವಿರ ಬಿಟ್ಟು ಕೂಗಿಕೊಂಡೆ. ಹನ್ನೊಂದು ಸಲ ಮೈಸೂರಿಗೆ ಹೋಗಿಬಂದೆ; ಆ ವರ್ಷದ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದ್ದುದರಿಂದ, ಧೈರ್ಯ ಹೇಳಲೆಂದು ಪ್ರತಿಸಲವೂ ಜೊತೆಗೆ ಬಂದ ಮನೆಯಾಕೆಯ ಟಿಕೆಟ್ಟಿನ ದುಡ್ಡು ಮಾತ್ರ ಈ ಪ್ರಕರಣದಲ್ಲಿ ನಿಜವಾಗಿ ಉಳಿತಾಯವಾದ ಬಾಬ್ತು.

ಅಭ್ಯಾಸಬಲದಿಂದ ಒಂದು ರಾತ್ರಿ ಬಡ್ಡಿಯ ಲೆಕ್ಕ ಹಾಕಿದೆ. 2013ರ ಆರುನೂರು 2023ಕ್ಕೆ ಐವತ್ತನಾಲ್ಕು ಸಾವಿರವಾಯಿತೆಂದರೆ ಹತ್ತು ವರ್ಷದಲ್ಲಿ ತೊಂಬತ್ತರಷ್ಟು. ವಾರ್ಷಿಕ ಚಕ್ರಬಡ್ಡಿಯಲ್ಲಿ ಶೇಕಡ ಐವತ್ತೇಳರ ಸುಮಾರು. ನಮ್ಮ ಕಡೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ ಕೊಡುವವನನ್ನು ಜನರು ಬಾಯಿತುಂಬ ಬಯ್ಯುತ್ತಾರೆ. ಅವನದು ವರ್ಷಕ್ಕೆ ಅರವತ್ತಾದರೂ ಸರಳ ಬಡ್ಡಿ, ಹತ್ತು ವರ್ಷಕ್ಕೆ ಅಸಲು ಸೇರಿ ಏಳರಷ್ಟಾಗುತ್ತದೆ, ಅಷ್ಟೆ. ಈ ಲೆಕ್ಕವು ಅಷ್ಟೇನೂ ನ್ಯಾಯವಾದುದಲ್ಲವೆಂದು ನಾನೇ ಒಪ್ಪುತ್ತೇನೆ, ಏಕೆಂದರೆ ಐವತ್ತನಾಲ್ಕು ಸಾವಿರದಲ್ಲಿ ಎಲೆಯಡಿಕೆಯ ಪಾಲೂ ಇದೆ, ತೊಳೆಯದೆ ಮಲಗಿದ ಸಾವಿರಾರು ರಾತ್ರಿಗಳ ಪಾಲೂ ಇದೆ. ಆದರೆ ಮುಂದೂಡಿದ ಖರ್ಚನ್ನು ಉಳಿತಾಯದ ಕಲಮಿನಲ್ಲಿ ಬರೆದದ್ದು ತಪ್ಪು ನಮೂದು. ಮಿಲ್ಲಿನಲ್ಲಿ ಹಾಗೆ ಬರೆದಿದ್ದರೆ ಆಡಿಟರು ಪುಸ್ತಕವನ್ನು ನನ್ನ ಮುಖಕ್ಕೆ ಎಸೆಯುತ್ತಿದ್ದರು.

ಈಗ ಮನೆಯ ಪುಸ್ತಕದಲ್ಲೂ ಸವಕಳಿಯ ಕಲಮಿದೆ. ಅಂಚೆ ಕಚೇರಿಯಲ್ಲಿ ತಿಂಗಳಿಗೆ ಮುನ್ನೂರರ ಆರ್‌.ಡಿ. ತೆರೆದಿದ್ದೇನೆ, ಶೇಕಡ 6.7ರ ದರದಲ್ಲಿ ಐದು ವರ್ಷಕ್ಕೆ ಸುಮಾರು 21,400 ಕೈಗೆ ಬರುತ್ತದೆ, ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲವನ್ನೂ ಎತ್ತಬಹುದು. ಬ್ರಷ್ಷು, ಪೇಸ್ಟುಗಳ ಮೇಲಿನ ಜಿ.ಎಸ್‌.ಟಿ.ಯು 2025ರ ಸೆಪ್ಟೆಂಬರ್ 22ರಿಂದ ಹದಿನೆಂಟರಿಂದ ಐದಕ್ಕೂ, ಹಲ್ಲುಪುಡಿಯದು ಹನ್ನೆರಡರಿಂದ ಐದಕ್ಕೂ ಇಳಿದಿದೆ. ಗಂಡಹೆಂಡಿರಿಬ್ಬರಿಗೆ ವರ್ಷಕ್ಕೆ ಏಳುನೂರು ಮೀರುವುದಿಲ್ಲ. ಹಣದ ಅಡಚಣೆ ಇದ್ದವರು ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಹೋಗಬಹುದು. ಮೈಸೂರಿನಲ್ಲಿ 1986ರಲ್ಲಿ ಆರಂಭವಾದ ಜೆ.ಎಸ್‌.ಎಸ್. ಕಾಲೇಜೇ ಇದೆ. ಇಂಥ ಕಡೆ ಅಧ್ಯಾಪಕರ ಕಣ್ಣೆದುರಿಗೆ ವಿದ್ಯಾರ್ಥಿಗಳು ಕೆಲಸ ಮಾಡುವುದರಿಂದ ಸಮಯ ಹೆಚ್ಚು, ಖರ್ಚು ಕಡಿಮೆ. ಬಡ ಕುಟುಂಬಗಳ ಹಿರಿಯರಿಗೆ ಪುಕ್ಕಟೆಯಾಗಿ ಹಲ್ಲಿನ ಸೆಟ್ಟು ಕೊಡಿಸಲು ಸರ್ಕಾರವು 'ದಂತ ಭಾಗ್ಯ' ಎಂಬ ಯೋಜನೆಯನ್ನೂ ತಂದಿತು. ಎಲ್ಲ ಹಲ್ಲೂ ಉದುರಿದ ಮೇಲೆ ಸಿಗುವುದನ್ನು ಭಾಗ್ಯವೆಂದು ಕರೆದ ಅಧಿಕಾರಿಯ ಹಾಸ್ಯಪ್ರಜ್ಞೆಗೆ ನನ್ನ ನಮಸ್ಕಾರ.

ಈ ಸಂಕ್ರಾಂತಿಗೆ ಎಳ್ಳುಬೆಲ್ಲದೊಡನೆ ಕಬ್ಬಿನ ಜಲ್ಲೆಗಳೂ ಮನೆಗೆ ಬಂದವು. ಹಿಂದೆ ಮೊಣಕಾಲಿಗೆ ಒತ್ತಿ ಮುರಿದು, ಗಿಣ್ಣು ಬಿಡದೆ ಹಲ್ಲಿನಿಂದಲೇ ಸಿಗಿದು ಮಕ್ಕಳಿಗೆ ಕೊಡುತ್ತಿದ್ದವನು ನಾನು. ಈ ಸಲ ಜಗಲಿಯ ಮೇಲೆ ಕುಳಿತು ಮಚ್ಚಿನಿಂದ ಸಿಪ್ಪೆ ಹೆರೆದು, ಬೆರಳುದ್ದದ ತುಂಡುಗಳನ್ನು ಮಾಡುತ್ತಿದ್ದಾಗ, ಏಳು ವರ್ಷದ ಮೊಮ್ಮಗ ಬಂದು ಒಂದು ಇಡೀ ಜಲ್ಲೆಯನ್ನು ಎಳೆದುಕೊಂಡು, "ತಾತ, ನಿಂಗೆ ಕಷ್ಟ ಆಗುತ್ತೆ, ನಾನೇ ಸಿಗ್ದು ಕೊಡ್ಲಾ?" ಎಂದ. ಮುಂದಿನ ಎರಡು ಹಲ್ಲು ಬಿದ್ದು, ಹೊಸವು ಇನ್ನೂ ಮೊಳೆಯುತ್ತಿದ್ದ ಬಾಯಿ ಅವನದು. ಅವನು ದವಡೆಯ ಮೂಲೆಗೆ ಕಬ್ಬನ್ನಿಟ್ಟು ಸರ್ರನೆ ಸಿಗಿದ ಸದ್ದು ಬಚ್ಚಲುಮನೆಯವರೆಗೂ ಕೇಳಿಸಿರಬೇಕು. ಮನೆಯಾಕೆ ಅಲ್ಲಿಂದಲೇ, "ತಿಂದಾದ್ಮೇಲೆ ಇಬ್ರೂ ಬಾಯಿ ಮುಕ್ಕಳಿಸ್ಕೊಂಡೇ ಒಳಗೆ ಬರ್ಬೇಕು" ಎಂದು ಕೂಗಿದಳು.