ಬೂದಿಯಲ್ಲುಳಿದ ಧಾನ್ಯ

ಪುಣೆ ಜಿಲ್ಲೆಯ ಇನಾಮಗಾಂವ್‌ನಲ್ಲಿ ೧೯೬೮ರಿಂದ ೧೯೮೩ರವರೆಗೆ ಡೆಕ್ಕನ್ ಕಾಲೇಜಿನ ವಿದ್ವಾಂಸರು ಉತ್ಖನನ ನಡೆಸಿದರು. ಮೂರು ಸಾವಿರ ವರ್ಷಗಳ ಹಿಂದೆ ಘೋಡ್ ನದಿಯ ದಡದ ಆ ರೈತರ ಮುಖ್ಯ ಬೆಳೆ ಜವೆಗೋಧಿಯೆಂಬುದನ್ನು ಸೀದ ಕಾಳುಗಳೇ ತಿಳಿಸಿದವು.

ಹಸಿಯ ಕಾಳು ಮಣ್ಣಿನಲ್ಲಿ ಕೊಳೆಯುತ್ತದೆ. ಬೆಂಕಿಯಲ್ಲಿ ಇದ್ದಿಲಾದದ್ದು ಉಳಿಯುತ್ತದೆ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಅದು ತೇಲುತ್ತದೆ. ಸೋಸಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಇಂದಿನ ಕಾಳುಗಳೊಡನೆ ಹೋಲಿಸಿ ಗುರುತಿಸುತ್ತಾರೆ.

ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರುಗಳ ನವಶಿಲಾಯುಗದ ನೆಲೆಗಳಲ್ಲಿ ಹೀಗೆ ದೊರೆತವು ಹುರುಳಿ, ಹೆಸರು, ಕೊರಲೆ. ಅಂದರೆ ಕನ್ನಡನಾಡಿನ ಮೊದಲ ಊಟ ಅಕ್ಕಿಯದಲ್ಲ, ಬೇಳೆಕಾಳು ಮತ್ತು ಕಿರುಧಾನ್ಯಗಳದು.

ಹುರುಳಿಯಲ್ಲಿ ಸಸಾರಜನಕ, ಕೊರಲೆಯಲ್ಲಿ ನಾರು ಹೇರಳ. ಮಹಾನಗರದಲ್ಲಿ ಕುಳಿತು ದುಡಿಯುವವರಿಗೆ ಬೇಕಾದುದೂ ಇವೇ. ಪುಣೆಯ ಅಂಗಡಿಗಳಲ್ಲಿ ‘ಕುಳೀಥ’ ಎಂದು ಕೇಳಿದರೆ ಹುರುಳಿ ದೊರೆಯುತ್ತದೆ. ವಾರಕ್ಕೊಮ್ಮೆಯಾದರೂ ಹುರುಳಿ ಸಾರು ಮನೆಯಲ್ಲಿ ಕುದಿಯಲಿ.