ಹೆಳವರ ಹೊತ್ತಿಗೆಯಲ್ಲಿ ಇದ್ದ ಮಾತು

ಬೈಲಹೊಂಗಲದ ನಮ್ಮ ಮನೆಗೆ ಹೆಳವರು ಬಂದದ್ದು ಅಪ್ಪ ತೀರಿಕೊಂಡ ಮರುವರ್ಷದ ಸುಗ್ಗಿಯಲ್ಲಿ. ಕಟ್ಟೆಯ ಮೇಲೆ ಕೂತು ತಲೆಮಾರುಗಳ ಹೆಸರು ಓದುತ್ತಿದ್ದ ಹಿರಿಯ, ನನ್ನ ಹೆಸರು ಬಂದಾಗ ದನಿ ತಗ್ಗಿಸಿದ. ಮಗಳಿಗೆ ಗಂಡು ನೋಡುತ್ತಿದ್ದೇವೆಂದು ಅವನಿಗೆ ಗೊತ್ತಿತ್ತು. "ನಿಮ್ಮ ಹುಟ್ಟಿದ ಮನೀ ಬೆಡಗೂ ಕೇಳಿ ಹೆಣ್ಣು ಕೊಡ್ರಿ. ಬುಕ್ಕಿನ್ಯಾಗ ದತ್ತಕ ಅಂತ ಐತಿ" ಅಂದ. ನನಗಾಗ ನಲವತ್ತಾರು ವರ್ಷ.

ದತ್ತಕ ನಮ್ಮ ಸೀಮೆಗೆ ಹೊಸ ಮಾತಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರ ಒಪ್ಪದೆ ಯುದ್ಧವಾಯಿತು. ಚನ್ನಮ್ಮ 1829ರಲ್ಲಿ ನಮ್ಮೂರಿನ ಕೋಟೆಯ ಸೆರೆಯಲ್ಲೇ ತೀರಿಕೊಂಡಳು. ದತ್ತುಮಗ ಶಿವಲಿಂಗಪ್ಪನ ಪರವಾಗಿ ಹೋರಾಡಿದ ರಾಯಣ್ಣ ನಂದಗಡದಲ್ಲಿ ಗಲ್ಲಿಗೇರಿದ. ಇದನ್ನೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ನಾನು, ಆ ಹುಡುಗನನ್ನು ಕೊಟ್ಟು ಕಳಿಸಿದ ತಾಯಿ ಯಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಅಪ್ಪನ ಟ್ರಂಕಿನಲ್ಲಿ ಕಾಗದ ಸಿಗಲಿಲ್ಲ. ಅವ್ವನನ್ನು ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕ ಪತ್ರದ ನಕಲು ಸಿಕ್ಕಿತು. 1956ರ ಹಿಂದೂ ದತ್ತಕ ಕಾಯ್ದೆಯಂತೆ ನೋಂದಾಯಿತ ಪತ್ರಕ್ಕೆ ಬಲ ಬರಬೇಕಾದರೆ ತಗೊಂಡವರ ಜೊತೆ ಕೊಟ್ಟವರ ಸಹಿಯೂ ಬೇಕು. ಹೀಗಾಗಿ ಕೊನೆಯ ಪುಟದಲ್ಲಿ ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ಹೆಸರು, ರಾಮದುರ್ಗ ತಾಲೂಕಿನ ಒಂದು ಹಳ್ಳಿ. ದತ್ತಕ ಹೋದವನಿಗೆ ಹುಟ್ಟಿದ ಮನೆಯ ನಂಟು ಕಡಿದರೂ ಮದುವೆಯ ನಿಷೇಧ ಮಾತ್ರ ಉಳಿಯುತ್ತದೆ ಎಂದು ಅದೇ ಕಾಯ್ದೆ ಹೇಳುತ್ತದೆ. ಹೆಳವ ಹೇಳಿದ್ದೂ ಅದನ್ನೇ.

ತಪ್ಪು ಮಾಡಿದ್ದು ಇಲ್ಲಿ. ಮರುದಿನವೇ ಸವದತ್ತಿಗೆ ಹೋಗಿ ರಾಮದುರ್ಗದ ಬಸ್ ಹಿಡಿದೆ. ಹಳ್ಳಿಯ ಅಗಸಿಯಲ್ಲಿ ನಾಲ್ಕು ಮಂದಿಯ ಮುಂದೆ ಹೆಸರು ಹೇಳಿ ಮನೆ ಕೇಳಿದೆ, ಬಾಗಿಲಲ್ಲಿ ನಿಂತು ನಾನು ಯಾರೆಂದೂ ಹೇಳಿದೆ. ಹೆಬ್ಬೆಟ್ಟು ಒತ್ತಿದವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಒಳಗಿದ್ದ ಮುದುಕಿ ನನ್ನನ್ನೇ ನೋಡುತ್ತ, "ನಾ ಯಾರಿಗೂ ಮಗನ್ನ ಕೊಟ್ಟಿಲ್ಲ" ಅಂದಳು. ಹಿಂದೆ ಸೊಸೆಯಂದಿರು, ಮೊಮ್ಮಕ್ಕಳು ನಿಂತಿದ್ದರು. ಅವರಾರಿಗೂ ವಿಷಯ ಗೊತ್ತಿರಲಿಲ್ಲ. ನನ್ನ ಹಸಿವಿನಲ್ಲಿ ಆಕೆಯ ಮಾನದ ನೆನಪೇ ನನಗೆ ಆಗಲಿಲ್ಲ.

ಈಗ ಸಂಸ್ಥೆಗಳ ಮೂಲಕ ದತ್ತು ಹೋದವರಿಗೆ 2022ರ ನಿಯಮಗಳಲ್ಲಿ ಮೂಲ ಹುಡುಕಲು ದಾರಿ ಇದೆ. ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು, ಬೇರೆಯವರು ಅವರ ಪರವಾಗಿ ಹುಡುಕುವಂತಿಲ್ಲ. ಗುಟ್ಟಾಗಿರಲಿ ಎಂದು ಹೆತ್ತವರು ಆಗಲೇ ಕೇಳಿಕೊಂಡಿದ್ದರೆ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಒಪ್ಪದಿದ್ದರೆ ಕೊಟ್ಟ ಕಾರಣವನ್ನಷ್ಟೇ ತಿಳಿಸುತ್ತಾರೆ. ಕಟುವೆನಿಸಬಹುದು. ಆ ಬಾಗಿಲಲ್ಲಿ ನಿಂತು ಬಂದ ನನಗೆ ಹಾಗೆನಿಸುವುದಿಲ್ಲ.

ಎಂಟು ತಿಂಗಳಾದ ಮೇಲೆ ಒಂದು ಫೋನ್ ಬಂತು. "ನಾ ನಿನ್ನ ಅಕ್ಕ. ಭಾರತ ಹುಣ್ಣಿವಿಗೆ ಗುಡ್ಡಕ್ಕ ಬಾ." ಎಲ್ಲಮ್ಮನ ಗುಡ್ಡದ ಆ ಜನಜಾತ್ರೆಯಲ್ಲಿ ಯಾರ ಪಕ್ಕ ಯಾರು ಕೂತರೆಂದು ಕೇಳುವವರಿಲ್ಲ. ಅಕ್ಕ ಬುತ್ತಿ ಬಿಚ್ಚಿದಳು. ನನ್ನಂತೆಯೇ ಎಡಗೈಯಲ್ಲಿ ಗಂಟು ಬಿಚ್ಚುತ್ತಿದ್ದಳು, ನಾನು ಅದನ್ನೇ ನೋಡುತ್ತ ಕೂತೆ. ಆ ವರ್ಷದ ಬರ, ಆರನೆಯ ಕೂಸು, ಬತ್ತಿದ ಎದೆಹಾಲು ಎಲ್ಲ ಅವಳೇ ಹೇಳಿದಳು. ಅವಳ ಜೊತೆ ಬಂದಿದ್ದ ಹೆತ್ತವ್ವ ಸುಮ್ಮನಿದ್ದಳು. ಏಳುವಾಗ ಮಾತ್ರ, "ನಿನ್ನ ಸಾಕಿದಾಕಿ ಅದಾಳೇನು?" ಅಂತ ಕೇಳಿ, ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಕಟ್ಟಿಕೊಟ್ಟಳು.

"ಅಪ್ಪ ಇಲ್ಲ. ಅವ್ವಗ ಉಡಿ ತುಂಬಂಗಿಲ್ಲ" ಅಂದೆ.

"ನನಗೂ ಇಲ್ಲ. ಇವತ್ತ ಎಲ್ಲಮ್ಮನ ಮುತ್ತೈದಿ ಹುಣ್ಣಿವಿ. ಒಯ್ಯಿ."

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವ್ವ ಸೆರಗೊಡ್ಡಿ ಉಡಿ ತಗೊಂಡಳು. ಖಣ ಮಡಿಚಿಟ್ಟು, "ಆಕಿ ಉಂಡಳೇನು?" ಅಂತ ಕೇಳಿದಳು.